ಹದಿನಾಲ್ಕನೇ ಸೈಟು

ಟೀಪಾಯಿ ಮೇಲೆ ಹರಡಿದ್ದ ಲೇಔಟ್ ನಕ್ಷೆಯಲ್ಲಿ ಪ್ರಮೀಳಾ ಮೇಡಂ ಬೆರಳು ಹದಿನಾಲ್ಕನೇ ಸೈಟಿನ ಮೇಲೆ ನಿಂತಿತು. ಬುಕ್ ಆಗಿದೆ ಎಂದು ಕೆಂಪು ಬಳಿದ ಆ ಚೌಕದಲ್ಲಿ ಅವರದೇ ಹೆಸರಿತ್ತು.

ಗುಬ್ಬಿ ರಸ್ತೆಯಲ್ಲಿ ಗೋವಿಂದರಾಜು ಮಾಡಿದ್ದ ಮೊದಲ ಲೇಔಟಿನಲ್ಲಿ ಒಂದು ಸೈಟೂ ಹೋಗಿರಲಿಲ್ಲ. ಪಾರ್ಟ್‌ನರ್ ಸಿಗಲೆಂದು ನೆನಪಿಗೆ ಬಂದ ಹೆಸರುಗಳನ್ನೆಲ್ಲ ನಕ್ಷೆಯಲ್ಲಿ ತುಂಬಿದ್ದ. ಅಕ್ಷರ ಕಲಿಸಿದ ಮೇಡಂ ಹೆಸರನ್ನೂ ಬರೆದು ಮರೆತಿದ್ದ. ದುಡ್ಡು ಹಾಕಲು ತಮ್ಮ ಸ್ವಂತ ತಮ್ಮನಾದ ರಂಗನಾಥನನ್ನು ಒಪ್ಪಿಸಿ ಕರೆಸಿದ್ದು ಅದೇ ಮೇಡಂ.

"ಪರ್ವಾಗಿಲ್ವೇ, ಆಗ್ಲೇ ಮೂವತ್ತು ಹೋಗವೆ! ಯಾರ್ಯಾರ್ ತಗೊಂಡವ್ರೆ?" ಎನ್ನುತ್ತ ರಂಗನಾಥ ನಕ್ಷೆಯತ್ತ ಬಾಗಿದ.

ಮೇಡಂ ಕಾಫಿ ಲೋಟವನ್ನು ತಮ್ಮ ಹೆಸರಿನ ಮೇಲಿಟ್ಟರು. "ಮೊದ್ಲು ಕಾಫಿ ಕುಡಿಯೋ ರಾಜು, ಆರೋಗುತ್ತೆ."

ಕಾಫಿ ಆರಿ ಕೆನೆ ಕಟ್ಟಿತು. ಲೋಟ ಎತ್ತಲು ರಾಜುವಿಗೆ ಕೈ ಬರಲಿಲ್ಲ.