ಎರಡನೆಯ ಕೀಲಿಕೈ

ಕೀಲಿಕೈ ಮೂರನೆಯ ಸಲವೂ ಜಾರಿತು. ತಂಗಿ ಬೆವರಿದ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡು, ಉಸಿರು ಬಿಗಿಹಿಡಿದು ಮತ್ತೊಮ್ಮೆ ತಿರುಗಿಸಿದಳು. ಬೀಗದ ಕತ್ತಲಲ್ಲಿ ಎಲ್ಲೋ ಒಂದು ಹಲ್ಲು ಸಿಕ್ಕಿತು. ಅಂಗಡಿಯೊಳಗಿನ ಸಾಮಾನು ಕೋಣೆಯ ಬಾಗಿಲು ಕಿರುಗುಟ್ಟಿ ತೆರೆಯಿತು. ವರ್ಷದ ಹಿಂದೆ ನದಿಯಲ್ಲಿ ಮುಳುಗಿ ತೀರಿಕೊಂಡ ಅಕ್ಕ, ಎಂದಿನಂತೆ ತಲೆ ತಗ್ಗಿಸಿ ಹೊಸ್ತಿಲು ದಾಟಿ, ಕೆಲಸದ ಮೇಜಿನ ಮುಂದೆ ತನ್ನ ಹಳೆಯ ಜಾಗದಲ್ಲಿ ಬಂದು ಕುಳಿತಳು.

"ಇವತ್ತು ತಡ ಮಾಡಿದೆಯಲ್ಲೇ."

"ಕೀ ಸವೆದುಹೋಗಿದೆ ಅಕ್ಕ. ನಿನ್ನ ಒಳಗೆ ಕಳಿಸಿ ಬಾಗಿಲು ಹಾಕೋಕೆ ಒಂದು ಸಲ ತಿರುಗಬಹುದು. ನಾಳೆ ತೆಗೆಯೋಕೆ ತಿರುಗಲ್ಲ."

ಬೀಗ ರಿಪೇರಿಯ ಆ ಮನೆಯಲ್ಲಿ ಅಜ್ಜಿ ಸಾಯುವಾಗ ಮೊಮ್ಮಕ್ಕಳಿಬ್ಬರಿಗೆ ಬಿಟ್ಟದ್ದು ಎರಡು ಬೋಳು ಕೀಲಿಕೈಗಳನ್ನು. ಹಲ್ಲು ಕೊರೆಯದ ಹಿತ್ತಾಳೆಯ ತುಂಡುಗಳು. ಇವು ತೆರೆಯಲಾರದ ಬಾಗಿಲಿಲ್ಲ, ಯಾವ ಬಾಗಿಲು ಬೇಕೆಂಬುದು ಕೊರೆಯುವವಳಿಗೆ ಗೊತ್ತಿದ್ದರೆ ಸಾಕು ಎಂದಿದ್ದಳು. ಮೊದಲನೆಯದನ್ನು ಕೊರೆದು ತಂಗಿ ಸತ್ತವರ ಕಡೆಯ ಬಾಗಿಲನ್ನು ತೆರೆದ ಕಥೆ ಹಳೆಯದಾಯಿತು. ಅಂದಿನಿಂದ ದಿನಕ್ಕೊಂದು ಗಂಟೆ ಅಕ್ಕ ಬರುತ್ತಾಳೆ. ಗಂಟೆ ಮುಗಿಯುತ್ತ ಬಂದಂತೆ ಅವಳ ಅಂಚುಗಳು ಹೊಗೆಯಂತೆ ಕರಗತೊಡಗುತ್ತವೆ. ಒಂದೊಂದು ಬರವಿಗೂ ಒಂದು ಕೂದಲೆಳೆಯಷ್ಟು ಹಿತ್ತಾಳೆ ಸವೆಯುತ್ತದೆ. ಸವೆದ ಕೀಲಿಕೈಯನ್ನು ನೋಡಿ ಹೊಸದನ್ನು ಕೊರೆದರೆ ಸವೆತವೂ ನಕಲಾಗುತ್ತದೆ. ಕಸುಬಿನ ಈ ಮೊದಲ ಪಾಠವನ್ನು ತಂಗಿಗೆ ಕಲಿಸಿದವಳು ಅಕ್ಕನೇ.

ಯಾರೋ ಮುಂಬಾಗಿಲನ್ನು ದಡದಡ ಬಡಿದರು. "ಮರಿ, ಒಳಗಿದ್ದೀಯಾ?" ಪಕ್ಕದಂಗಡಿಯ ಟೈಲರ್ ತಾತ. "ನನ್ನ ಪೆಟ್ಟಿಗೆ ಕೀ ನಿಮಗೆ ಕೊಟ್ಟು ವರ್ಷ ಆಯ್ತಮ್ಮ. ಒಳಗಿರೋ ಕೋಟು ನಾನು ಹೊಲಿದಿದ್ದೋ ನಮ್ಮಪ್ಪ ಹೊಲಿದಿದ್ದೋ ಅದೇ ಮರೆತುಹೋಗಿದೆ. ಊರಿಗೆಲ್ಲ ಕೀ ಮಾಡಿಕೊಡೋಳು ನಿನ್ನ ಬಾಗಿಲಿಗೊಂದು ಮಾಡ್ಕೊಳ್ಳೋಕಾಗಲ್ವಾ?"

ತಂಗಿ ತುಟಿಯ ಮೇಲೆ ಬೆರಳಿಟ್ಟು ನಿಂತಳು. ಹೆಜ್ಜೆಸಪ್ಪಳ ದೂರವಾಯಿತು.

"ಕೊಟ್ಟುಬಿಡಬಾರದಾ ಅವರದು?"

"ಮುಂಬಾಗಿಲ ಕೀ ನಿನ್ನ ಸೊಂಟದಲ್ಲೇ ನೀರುಪಾಲಾಯ್ತಲ್ಲ. ಹಿಂಬಾಗಿಲಿಂದ ಸುತ್ತಿ ಹೋದ್ರೆ ಅವರು ಮಾತಿಗೆ ನಿಲ್ಲಿಸ್ಕೋತಾರೆ. ನಿನ್ನ ಗಂಟೆ ಕಳೆದುಹೋಗತ್ತೆ." ತಂಗಿ ಉಳಿದೊಂದು ಬೋಳು ಕೀಲಿಕೈಯನ್ನು ಅಕ್ಕನ ಮುಂದಿಟ್ಟಳು. "ನೀನೇ ಕೊರಿ. ಒಂದು ಸಲ ನೋಡಿದ ಕೀ ನೀನು ಮರೆತವಳಲ್ಲ. ಇದು ಹಾಳಾದ್ರೆ ಮತ್ತೊಂದಿಲ್ಲ. ಅಜ್ಜಿ ಹತ್ರ ಅಲ್ಲೇನಾದ್ರೂ ಸಿಗತ್ತಾ?"

"ಅಲ್ಲಿ ಬೀಗಾನೇ ಇಲ್ಲ ಕಣೇ. ಅಜ್ಜಿಗೆ ಕೈಗೆ ಕೆಲಸವಿಲ್ಲ, ಅದಕ್ಕೇ ಎಲ್ಲ ಕೆಲಸ ಬಾಯಿಗೆ."

ತಂಗಿ ನಗಲಿಲ್ಲ. ಅಕ್ಕ ಗೋಡೆಯತ್ತ ಕಣ್ಣೆತ್ತಿದಳು. ಗಿರಾಕಿಗಳು ಬಿಟ್ಟುಹೋದ ಕೀಲಿಕೈಗಳು ಹೆಸರಿನ ಚೀಟಿ ಕಟ್ಟಿಕೊಂಡು ಸಾಲಾಗಿ ನೇತಾಡುತ್ತಿದ್ದವು, ಧೂಳು ಹೊದ್ದು.

"ನಿನಗೀಗ ಎಷ್ಟು ವರ್ಷ?"

"ಹತ್ತೊಂಬತ್ತು. ನಿನ್ನಷ್ಟೇ. ಮುಂದಿನ ತಿಂಗಳು ನಿನ್ನ ದಾಟ್ತೀನಿ."

ಹಿತ್ತಾಳೆ ಉಜ್ಜಲು ಎತ್ತಿಕೊಂಡಿದ್ದ ಅರವನ್ನು ಅಕ್ಕ ಕೆಳಗಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎತ್ತಿಕೊಂಡಳು. "ಆ ಕಡೆ ತಿರುಗಿ ಕೂತ್ಕೋ. ನೀನು ನೋಡ್ತಿದ್ರೆ ಅಳತೆ ತಪ್ಪತ್ತೆ."

ಅರದ ಸದ್ದು ಹಿತ್ತಾಳೆಯ ಮೇಲೆ ಹೋಗಿ ಬರುತ್ತಿತ್ತು. ತಂಗಿ ಗಡಿಯಾರವನ್ನೇ ನೋಡುತ್ತ ಕುಳಿತಳು. ಗಂಟೆಗೆ ಐದು ನಿಮಿಷವಿದೆ ಎನ್ನುವಾಗ ಸದ್ದು ನಿಂತಿತು. ಅಕ್ಕನ ಮೊಣಕೈಯ ಅಂಚು ಆಗಲೇ ಮಸುಕಾಗಿತ್ತು. ಹೊಸ ಕೀಲಿಕೈಯನ್ನು ತಂಗಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿ ಮುಚ್ಚಿದಳು.

"ಮೊದಲು ಊಟ ಮಾಡು," ಎಂದು ಒಳಗೆ ಹೋದಳು.

ತಂಗಿ ಹಳೆಯದರಿಂದಲೇ ಬೀಗ ಹಾಕಿ ಹೊರಗೆಳೆದಳು. ಕೊನೆಯ ಹಲ್ಲೂ ಹೋಗಿತ್ತು. ಅಜ್ಜಿ ಕೊಟ್ಟ ದಿನದಷ್ಟೇ ಬೋಳು. ನಾಳೆಯವರೆಗೆ ಕಾಯುವ ಧೈರ್ಯ ಅವಳಿಗಿರಲಿಲ್ಲ. ಹೊಸದನ್ನು ಅದೇ ಬೀಗಕ್ಕೆ ತೂರಿಸಿದಳು. ಅರ್ಧಕ್ಕೇ ನಿಂತಿತು. ಒತ್ತಿದಳು, ಹೊರಳಿಸಿದಳು, ಎಣ್ಣೆ ಹನಿಸಿದಳು. "ಅಕ್ಕ, ತಪ್ಪಾಗಿದೆ ಕಣೇ. ಅಕ್ಕ." ಬಾಗಿಲ ಆಚೆ, ಸಾಮಾನು ಕೋಣೆಯೊಂದರಲ್ಲಿ ಇರಬೇಕಾದಷ್ಟೇ ಮೌನ.

ಅಕ್ಕ ಜೀವಮಾನದಲ್ಲಿ ಒಂದು ಹಲ್ಲನ್ನೂ ತಪ್ಪಾಗಿ ಕೊರೆದವಳಲ್ಲ. ಆ ನೆನಪು ಬಂದೊಡನೆ ತಂಗಿ ಒತ್ತುವುದನ್ನು ಬಿಟ್ಟಳು. ಕೀಲಿಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಐದು ಹಲ್ಲು, ಮೊದಲನೆಯದು ಆಳ. ಅಕ್ಕನ ಮಡಿಲಲ್ಲಿ ತಲೆಯಿಟ್ಟಾಗಲೆಲ್ಲ ಕೆನ್ನೆಗೆ ತಾಗುತ್ತಿದ್ದ, ಅವಳ ಸೊಂಟದ ಕೀಲಿಕೈ ಅದು.

ಮತ್ತೆ ಮುಂಬಾಗಿಲು ಬಡಿದ ಸದ್ದು. ಊರಿನ ಬೀಗಗಳನ್ನೆಲ್ಲ ಬಿಚ್ಚಬಲ್ಲವಳು, ವರ್ಷದಿಂದ ಮುಟ್ಟದಿದ್ದ ಒಂದೇ ಬೀಗದ ಮುಂದೆ ಹೋಗಿ ನಿಂತಳು. ಕೀಲಿಕೈ ಬೆಣ್ಣೆಯಿಂದ ಕೂದಲು ತೆಗೆದಂತೆ ತಿರುಗಿತು. ಬೀದಿಯ ಬಿಸಿಲು ಒಳನುಗ್ಗಿ ಅವಳ ಕಣ್ಣು ಕಿರಿದಾಯಿತು.

ಬಡಿಯಲು ಎತ್ತಿದ ಕೈಯನ್ನು ಇಳಿಸುವುದನ್ನೂ ಮರೆತು ಟೈಲರ್ ತಾತ ನಿಂತಿದ್ದ. "ಅಂತೂ ಬೀಗದಂಗಡಿಗೇ ಕೀ ಸಿಕ್ತು. ಯಾರು ಮಾಡಿಕೊಟ್ರು ಮರಿ?"

"ನಮ್ಮಕ್ಕ."

ಮುದುಕ ಕನಿಕರದಿಂದ ತಲೆಯಾಡಿಸುತ್ತ, ಬೀಗದಲ್ಲೇ ಇದ್ದ ಕೀಲಿಕೈಯನ್ನು ಸವರಿದವನು, ಥಟ್ಟನೆ ಬೆರಳನ್ನು ಹಿಂದಕ್ಕೆಳೆದುಕೊಂಡ. ಅದಿನ್ನೂ ಅರದ ಬಿಸಿ ಆರದೆ ಬೆಚ್ಚಗಿತ್ತು.