ಮಹಾಂತಯ್ಯನವರ ಟರ್ಬೋ

ವೇಗ ಬೇಕೆಂದು ಬಂದ ಮನುಷ್ಯನಿಗೆ ಅವಸರವೇ ಇರಲಿಲ್ಲ. ಉದಯಕುಮಾರನಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

"ಟರ್ಬೋ ಕೂಡಿಸೋದಂದ್ರ ಟೈರ್ ಬದಲಿ ಮಾಡಿದಂಗಲ್ರೀ," ಎಂದು ಅವನು ಮೊದಲ ದಿನವೇ ಹೆದರಿಸಿದ್ದ. "ಸಾಮಾನು ಹೈದರಾಬಾದಿನಿಂದ ಬರಬೇಕು. ಎಂಜಿನ್ ಪೂರಾ ಬಿಚ್ಚಬೇಕು. ಭಾಳ ದಿನ ಹಿಡೀತದ."

"ಹಿಡೀಲಿ ಬಿಡ್ರಿ," ಎಂದರು ಮಹಾಂತಯ್ಯ. "ಎಷ್ಟು ತಡಾ ಆದ್ರೂ ನಡೀತದ. ನಾ ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ."

ದೇವದುರ್ಗದ ಮಹಾಂತಯ್ಯನವರಿಗೆ ಅರವತ್ತು ದಾಟಿತ್ತು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಇಂಥವರು ಒಂದು ದಿನ ಕೆಂಪು ಬಣ್ಣದ ಪುಟ್ಟ ಹ್ಯಾಚ್‌ಬ್ಯಾಕ್ ಕೊಂಡು ತಂದರು. ಎಂಜಿನ್ ಚಿಕ್ಕದು, ಗಂಟಲು ದೊಡ್ಡದು. ಕಾಲು ಅದುಮಿದರೆ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಎಂಟು ಸಾವಿರಕ್ಕೆ ಏರಿ ಊರಿಗೆಲ್ಲ ಕೇಳುವಂತೆ ಚೀರುತ್ತಿತ್ತು.

ರಾಯಚೂರಿನ ಮಾನ್ವಿ ರಸ್ತೆಯಲ್ಲಿ ಉದಯಕುಮಾರನ ಗ್ಯಾರೇಜು. ಹಿಂದೆಯೇ ಮನೆ. ತನ್ನಂಥ ಕಿವಿ ಈ ಸೀಮೆಯಲ್ಲಿ ಇನ್ನೊಂದಿಲ್ಲ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡಿದ್ದ. ಮಲಗಿದಲ್ಲಿಂದಲೇ, ರಸ್ತೆಯಲ್ಲಿ ಹೋದ ಗಾಡಿ ಯಾರದು, ಅದಕ್ಕೆ ಏನು ರೋಗ ಎಂದು ಹೇಳುತ್ತಿದ್ದ. ಟರ್ಬೋ ಎಂದರೆ ಅವನಿಗೆ ಅಸಡ್ಡೆ. ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುವುದು, ಅದು ಎಂಜಿನ್ನಿನೊಳಗೆ ಗಾಳಿ ತುರುಕುವುದು. ತಾನಾಗಿ ಉಸಿರೆಳೆದು ಅಷ್ಟು ಚೆಂದ ಹಾಡುವ ಎಂಜಿನ್ನಿಗೆ ಇದೊಂದು ಪಂಪು ಬೇಕೆ? ಆದರೂ ಒಪ್ಪಿದ. ಈ ಕೆಲಸ ಮಾಡಬಲ್ಲವನು ತಾನೊಬ್ಬನೇ ಎಂದು ಜನ ಅಂದುಕೊಳ್ಳಲಿ ಎಂಬ ಜಂಬಕ್ಕೆ ಒಪ್ಪಿದ.

ಮಹಾಂತಯ್ಯ ಹೇಳಿದಂತೆಯೇ ಬರತೊಡಗಿದರು. ಬಸ್ಸಿಳಿದು, ಇಸ್ತ್ರಿ ಅಂಗಿಯಲ್ಲಿ ಬೆಂಚಿನ ಮೇಲೆ ಕೂರುವರು. ಬಿಚ್ಚಿಟ್ಟ ಪಿಸ್ಟನ್ ತೋರಿಸಿದರೆ "ಹೌದ್ರಿ?" ಎನ್ನುವರು. ಒತ್ತಡ ಹೆಚ್ಚಾದರೆ ಎಂಜಿನ್ ಒಡೆದೀತು, ಅದಕ್ಕೇ ಗಾಳಿ ಕಡಿಮೆ ಇಟ್ಟಿದ್ದೇನೆ ಎಂದರೆ ಅದಕ್ಕೂ "ಹೌದ್ರಿ?" ಉದಯಕುಮಾರನ ಅಕ್ಕ ಸುನಂದಾ ಚಹಾ ತಂದಿಟ್ಟರೆ ಮಾತ್ರ, ಶುಂಠಿ ಹಾಕಿದ್ದನ್ನು ಗುರುತಿಸಿ ನಾಲ್ಕು ಮಾತು ಹೆಚ್ಚು ಆಡುವರು. ಹೈದರಾಬಾದಿನ ಸಾಮಾನು ತಡವಾಯಿತೆಂದು ತಿಳಿದ ದಿನವಂತೂ ಸಂತೋಷಪಟ್ಟವರ ಹಾಗೆ ಕಂಡರು.

"ಮುದುಕಗ ಗಾಡಿ ಬಗ್ಗೆ ಅ ಆ ಇ ಈ ಗೊತ್ತಿಲ್ಲಕ್ಕ," ಎಂದು ಉದಯಕುಮಾರ ಊಟಕ್ಕೆ ಕೂತಾಗ ನಕ್ಕ. "ದೇವದುರ್ಗದಾಗ ಯಾರೋ ಒಬ್ಬಾಕಿ ಇದ್ದಾಳ ನೋಡು. ಆಕಿ ಮುಂದ ಹಾರಾಡಾಕ ಈ ಟರ್ಬೋ."

ಸುನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಇದ್ರ ಇರ್ಲಿ. ನೀ ಕೆಲಸ ಚೊಲೋ ಮಾಡಿಕೊಡು."

"ಯಾವಾಕಿಗೆ ತಲಿ ಕೆಟ್ಟಿರ್ತದ?"

"ತಲಿ ನೆಟ್ಟಗಿದ್ದಾಕಿನೂ ಇರಬಹುದಲ್ಲ, ತಮ್ಮಾ."

ಉದಯಕುಮಾರ ಮತ್ತೂ ನಕ್ಕ. ವಯಸ್ಸಾದವರ ಆಸೆಗಳೆಂದರೆ ಅವನಿಗೆ ಯಾವಾಗಲೂ ತಮಾಷೆಯೇ. ಪಕ್ಕದ ಮನೆಯ ಮುದುಕರು ಗಿಟಾರು ಕಲಿಯಲು ಹೊರಟಾಗ ನಕ್ಕಿದ್ದ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದ ಅಕ್ಕನಿಗೆ ಮತ್ತೊಂದು ಸಂಬಂಧ ಹೇಳಲು ಮಾನ್ವಿಯ ನಾಗವೇಣಿ ಬಂದಾಗ, "ನರೆತ ತಲಿಗೆ ಬಾಸಿಂಗ ಕಟ್ತೀರೇನು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿ, ಗಂಡು ಯಾರೆಂದೂ ಕೇಳದೆ ಬಾಗಿಲು ತೋರಿಸಿದ್ದ. ಅರವತ್ತರಲ್ಲಿ ಟರ್ಬೋ ಹಾಕಿಸುವವರೂ ಆ ಸಾಲಿಗೇ ಸೇರಿದವರು.

ಕಡೆಗೂ ಕೆಲಸ ಮುಗಿಯಿತು. ಪೋತ್ನಾಳದವರೆಗೆ ಓಡಿಸಿ ನೋಡಿದರು. ಮೊದಲಿನಂತೆ ಎಂಟು ಸಾವಿರಕ್ಕೆ ಏರಿಸಬೇಕಾಗಿರಲಿಲ್ಲ. ಅರ್ಧಕ್ಕೇ ಗಾಡಿ ಬೆನ್ನು ಸೀಟಿಗೆ ಅಂಟುವಂತೆ ಎಳೆಯಿತು. ಹೊಗೆಯ ದಾರಿಯಲ್ಲಿ ಕೂತ ಆ ಚಕ್ರ ಚೀರಾಟವನ್ನೆಲ್ಲ ನುಂಗಿಬಿಟ್ಟಿತ್ತು. ಕಾಲು ತೆಗೆದಾಗ ಮಾತ್ರ ಹಾವು ಬುಸುಗುಟ್ಟಿದಂತೆ ಒಂದು "ಉಸ್".

"ಈ ಉಸ್ ಸಲುವಾಗೇ ಹುಡುಗರು ಸಾಯ್ತಾರ್ರಿ," ಎಂದ ಉದಯಕುಮಾರ.

"ನನಗ ಅದೂ ಬ್ಯಾಡ," ಎಂದರು ಮಹಾಂತಯ್ಯ. "ಬಂದದ್ದು ಹೋದದ್ದು ಯಾರಿಗೂ ಗೊತ್ತಾಗಬಾರದು ನೋಡ್ರಿ."

ಉದಯಕುಮಾರನಿಗೆ ನಗು ತಡೆಯಲಾಗಲಿಲ್ಲ. ಹೊರಗೆ ಬೀಳುವ ಗಾಳಿಯನ್ನು ಮತ್ತೆ ಒಳಕ್ಕೇ ತಿರುಗಿಸಿದ. ದೊಡ್ಡ ಸೈಲೆನ್ಸರ್ ಕೂಡಿಸಿದ. ಗ್ಯಾರೇಜಿನಲ್ಲೇ ಚಾಲೂ ಮಾಡಿ, ಬಾನೆಟ್ಟಿನ ಮೇಲೆ ಕೈಯಿಟ್ಟು ಎದೆ ಉಬ್ಬಿಸಿದ.

"ಇನ್ನ ಯಾರ ಮನಿ ಮುಂದ ನಿಂತ್ರೂ ಒಳಗಿನ ಮಂದಿಗೆ ಕೇಳಂಗಿಲ್ಲ, ಹೋಗ್ರಿ!"

"ಖರೇನ ಕೇಳಂಗಿಲ್ಲೇನು?" ಎಂದಳು ಚಹಾ ತಂದಿದ್ದ ಸುನಂದಾ.

"ನನ್ನ ಕೆಲಸದ ಮ್ಯಾಲ ಸಂಶೇನಾ ನಿನಗ?"

"ಇಲ್ಲಪ್ಪ," ಎಂದಳು ಅವಳು. "ನಂಬಿಕಿ ಅದ."

ಮಹಾಂತಯ್ಯ ಉದಯಕುಮಾರನ ಎರಡೂ ಕೈ ಹಿಡಿದು, ಅವನಿಗೇ ಮುಜುಗರವಾಗುವಷ್ಟು ಹೊತ್ತು ಧನ್ಯವಾದ ಹೇಳಿ ಹೋದರು. ಅವರು ಹೋದ ಮೇಲೆ ಅವನು ಅವರ ನಡಿಗೆಯನ್ನು ಅಣಕಿಸಿ ತೋರಿಸಿದ. ಸುನಂದಾ ಆಗಲೇ ಒಳಗೆ ಹೋಗಿದ್ದಳು.

ಮುಂದಿನ ವಾರ ಒಂದು ಮಧ್ಯಾಹ್ನ, ಬಿಸಿಲು ಹೆಂಚು ಕಾದಂತೆ ಕಾದಿತ್ತು. ಉದಯಕುಮಾರ ಉಂಡು ಕಿಟಕಿಯ ಪಕ್ಕ ಮಲಗಿದ್ದವನು ಚಹಾದ ಹೊತ್ತಿಗೆ ಎದ್ದ. ಅಕ್ಕನನ್ನು ಕೂಗಿದ. ಉತ್ತರವಿಲ್ಲ. ಅಡುಗೆಮನೆಯಲ್ಲಿ ರೊಟ್ಟಿಯ ಬುಟ್ಟಿ ತುಂಬಿತ್ತು, ಒಲೆ ತಣ್ಣಗಿತ್ತು. ಗುಡಿಗೆ ಹೋಗಿರಬೇಕು ಎಂದು ಗೊಣಗುತ್ತ ಎದುರಿನ ವಸೀಮನ ಚಹಾದಂಗಡಿಗೆ ನಡೆದ.

"ನಮ್ಮಕ್ಕನ್ನ ನೋಡಿದ್ಯೇನೋ?"

ವಸೀಮ್ ಗ್ಲಾಸು ತೊಳೆಯುವುದನ್ನು ಬಿಟ್ಟು ಅವನ ಮುಖವನ್ನೇ ನೋಡಿದ.

"ಮದುವಿ ಆಗಾಕ ದೇವದುರ್ಗಕ್ಕ ಹೋದ್ರಲ್ಲಣ್ಣ, ಮಹಾಂತಯ್ಯನೋರ ಗಾಡ್ಯಾಗ! ನಿಮ್ಮ ಕಿಟಕಿ ಕೆಳಗ ಎಂಜಿನ್ ಚಾಲೂ ಇಟ್ಟು ಟ್ರಂಕು ಏರಿಸ್ಕೊಂಡ್ರು. ನಾ, ನೀವ ಕಳಿಸಾಕತ್ತೀರಿ ಅನ್ಕೊಂಡೆ."