ಹೆಸರಿಲ್ಲದ ಐದು ಬಟನ್

"ಮುಗೀತು ನೋಡು, ನಾಲ್ಕೇ ನಿಮಿಷ!" ಎಂದು ಇಸ್ಮೋ ಮೇಜು ಕುಟ್ಟಿದ. "ಹೊಸ ಬ್ರೌಸರೂ ಪಾಸು, ನೀನೂ ಪಾಸು. ಇಲ್ಲೊಂದು ಸಹಿ ಹಾಕಿಬಿಡು ಸಿರ್ಪಾ, ನಾನು ಹೊರಟೆ."

ಸಿರ್ಪಾ ಕಿವಿಯಿಂದ ಹೆಡ್‌ಫೋನ್ ತೆಗೆದಳೇ ಹೊರತು ಪೆನ್ನು ಮುಟ್ಟಲಿಲ್ಲ. ಹುಟ್ಟಿನಿಂದ ಕಣ್ಣು ಕಾಣದ ಅವಳು ತುರ್ಕು ಊರಿನ ಒಂದು ವಿಮಾ ಕಂಪನಿಯ ಫೋನ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾಳೆ. ಪರದೆಯ ಮೇಲಿರುವುದನ್ನೆಲ್ಲ ಸ್ಕ್ರೀನ್ ರೀಡರ್ ಕಿವಿಯಲ್ಲಿ ಓದಿ ಹೇಳುತ್ತದೆ, ಇವಳು ಕೀಲಿ ಒತ್ತುತ್ತಾಳೆ. ಬ್ರೌಸರಿನ ಹೊಸ ಆವೃತ್ತಿ ಬಂದಾಗಲೆಲ್ಲ ಮೊದಲು ಇವಳ ಕಂಪ್ಯೂಟರಿಗೇ ಹಾಕುವುದು ಅಲ್ಲಿಯ ಪದ್ಧತಿ. ಇವಳು ಒಂದು ಅರ್ಜಿ ತುಂಬಿ ತೋರಿಸಿ, 'ಸರಿಯಿದೆ' ಎಂದು ಸಹಿ ಮಾಡಿದ ಮೇಲೆಯೇ ಕಣ್ಣು ಕಾಣದ ಉಳಿದ ಐವರ ಕಂಪ್ಯೂಟರುಗಳಿಗೆ ಅದು ಹೋಗುತ್ತದೆ. ಕಂಪ್ಯೂಟರುಗಳ ಉಸ್ತುವಾರಿ ಇಸ್ಮೋನದು. ಮರುದಿನದಿಂದ ಜೂನ್ ತಿಂಗಳ ನಡುಬೇಸಿಗೆಯ ಹಬ್ಬ. ಅರ್ಧ ಕಚೇರಿ ಆಗಲೇ ಖಾಲಿ. ಕೆರೆಯಂಚಿನ ಬೇಸಿಗೆ ಮನೆಗೆ, ಸೌನಾ ಎಂಬ ಹಬೆಸ್ನಾನದ ಕೋಣೆಯ ಒಲೆಗೆಂದು ಅವನ ಕಾರಿನಲ್ಲಿ ಸೌದೆ ಬೆಳಗ್ಗೆಯೇ ತುಂಬಿಯಾಗಿತ್ತು.

"ಪಾಸಾಗಿಲ್ಲ ಕಣೋ," ಎಂದಳು ಸಿರ್ಪಾ.

"ನನ್ನ ಕಣ್ಣೆದುರೇ ಅರ್ಜಿ ಹೋಯ್ತಲ್ಲೇ!"

"ಹೋಯ್ತು. ಕೈಗೆ ದಾರಿ ಗೊತ್ತಿತ್ತು, ಹೋಯ್ತು. 'ಕಳಿಸು' ಅನ್ನೋದು ಏಳನೇ ಬಟನ್ನು ಅಂತ ನನ್ನ ಬೆರಳಿಗೆ ನಿದ್ದೇಲೂ ಗೊತ್ತು. ಹಳೇ ಬ್ರೌಸರು ಒಂದೊಂದು ಬಟನ್ನಿನ ಹೆಸರೂ ಹೇಳ್ತಿತ್ತು. ಇದು ಎಲ್ಲಾದಕ್ಕೂ ಬರೀ 'ಬಟನ್' ಅಂತ ಬಡ್ಕೊಳ್ತಿದೆ. ನಾನು ಎಣಿಸ್ಕೊಂಡು ಹೋದೆ, ಅಷ್ಟೇ."

ನಿಜ ಹೇಳಬೇಕೆಂದರೆ, ತಾನು ಎಣಿಸುತ್ತಿದ್ದೆ ಎಂಬುದು ಅವಳಿಗೂ ಹೊಳೆದದ್ದು ಅರ್ಜಿ ಹೋದ ಮೇಲೆಯೇ. ಹೋದ ಸಲವೂ ಹೀಗೆ ಹೆಸರಿಗೆ ಕಿವಿಗೊಡದೆ ಎಣಿಸಿಕೊಂಡೇ ದಾಟಿ ಸಹಿ ಹಾಕಿದ್ದೆನೋ ಏನೋ ಎಂದು ನೆನೆದು ನಾಚಿಕೆಯಾಯಿತು. ಆದರೆ ಅದನ್ನು ಇಸ್ಮೋನಿಗೆ ಹೇಳಲಿಲ್ಲ.

"ಉಳಿದೋರೂ ಎಣಿಸ್ಕೊಳ್ಳಲಿ ಬಿಡೆ," ಎಂದ ಅವನು.

"ಆಹ್ತಿ ಏನಂತ ಎಣಿಸ್ತಾನೆ?"

ಆ ಐವರಲ್ಲಿ ಒಬ್ಬನಾದ ಆಹ್ತಿ ಮೊದಲು ಲಾರಿ ಓಡಿಸುತ್ತಿದ್ದವನು. ಎರಡು ವರ್ಷದ ಹಿಂದೆ, ಐವತ್ತು ತುಂಬಿದ ಮೇಲೆ, ಕಣ್ಣು ಹೋಯಿತು. ಏಪ್ರಿಲ್‌ನಲ್ಲಿ ಈ ಕೆಲಸಕ್ಕೆ ಸೇರಿದ್ದ. ಕೀಲಿಗಳ ಮೇಲೆ ಕೈ ಇನ್ನೂ ಕೂತಿರಲಿಲ್ಲ. ಜುಲೈ ಹದಿನೈದಕ್ಕೆ ಅವನ ಪ್ರೊಬೇಷನ್ ಮುಗಿಯುತ್ತಿತ್ತು.

"ಅವನು ಬಟನ್ ತಪ್ಪಿದ್ರೆ ಬ್ರೌಸರಿನ ತಪ್ಪು ಅಂತ ಯಾರೂ ಬರೆಯಲ್ಲ," ಎಂದಳು ಸಿರ್ಪಾ. "ಇವನ ಕೈಲಾಗಲ್ಲ ಅಂತ ಬರೀತಾರೆ. ಜೊತೆಗೆ ನನ್ನ ಸಹಿ ಬೇರೆ ಇರುತ್ತೆ, ಎಲ್ಲಾ ಸರಿಯಿದೆ ಅಂತ."

"ರಜೆಯಿಂದ ಬಂದ ತಕ್ಷಣ ಸರಿ ಮಾಡಿಸ್ತೀನಿ ಮಾರಾಯ್ತಿ. ನಾಲ್ಕು ವಾರ ತಾನೇ?"

"ನಾಲ್ಕು ವಾರಕ್ಕೆ ಅವನು ಮನೇಲಿರ್ತಾನೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ!"

ಇಸ್ಮೋ ಕೆಟ್ಟವನೇನಲ್ಲ. ಹಬ್ಬದ ಹಿಂದಿನ ಮಧ್ಯಾಹ್ನ ಯಾರೂ ಒಳ್ಳೆಯವರಾಗಿರುವುದಿಲ್ಲ, ಅಷ್ಟೇ. ಅವನು ಗಡಿಯಾರ ನೋಡಿಕೊಂಡ. ಸಿರ್ಪಾಳ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

"ಅದಿರಲಿ, ನಿನ್ನ ರಜೆ ಕನ್ಫರ್ಮ್ ಮಾಡಿದ್ಯಾ? ಕಾಫಿ ಕುಡೀವಾಗ ಇನ್ನೂ ಇಲ್ಲ ಅಂತಿದ್ದೆ."

"ಅಯ್ಯೋ, ಮರೆತೇ ಹೋಗಿತ್ತು. ಮಂಜೂರಾಗಿದೆ, ಒಂದು ಬಟನ್ ಒತ್ತಬೇಕು ಅಷ್ಟೇ."

"ಬಾ, ಇಲ್ಲೇ ಒತ್ತು."

ಅವಳ ಕುರ್ಚಿಯಲ್ಲಿ ಕೂತು ಇಸ್ಮೋ ತನ್ನ ರಜೆಯ ಪುಟ ತೆರೆದ. ಸಿರ್ಪಾ ಪಕ್ಕದಿಂದ ಕೈ ಚಾಚಿ ಎರಡು ಮೂರು ಕೀಲಿ ಒತ್ತಿದಳು. ಪರದೆ ಕಪ್ಪಾಯಿತು. ಬೆನ್ನ ಹಿಂದೆ ಯಾರೂ ಇಣುಕದಿರಲಿ ಎಂದು ಅವಳು ದಿನವೂ ಹಾಗೆ ಆರಿಸಿಕೊಂಡೇ ಕೆಲಸ ಮಾಡುವವಳು. ಪರೀಕ್ಷೆಯ ದಿನ ಮಾತ್ರ ಇಸ್ಮೋನಿಗೆ ಕಾಣಲೆಂದು ಹೊತ್ತಿಸುತ್ತಿದ್ದಳು. ಹೆಡ್‌ಫೋನಿನ ವಯರನ್ನೂ ಕಿತ್ತಳು. ಸ್ಕ್ರೀನ್ ರೀಡರಿನ ದನಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟಗುಟ್ಟಿತು. ಅವನಿಗೋಸ್ಕರ ಅದನ್ನು ನಿಧಾನ ಮಾಡಿದಳು.

"ಟ್ಯಾಬ್ ಒತ್ತುತ್ತಾ ಹೋಗು. ನಿನ್ನ ಬಟನ್ ಬಂದಾಗ ಎಂಟರ್ ಒತ್ತು."

ಇಸ್ಮೋ ಒತ್ತಿದ. "ಬಟನ್," ಎಂದಿತು ಕಂಪ್ಯೂಟರು. ಮತ್ತೆ ಒತ್ತಿದ. "ಬಟನ್." ಮೂರನೆಯದೂ ಬಟನ್, ನಾಲ್ಕನೆಯದೂ ಬಟನ್, ಐದನೆಯದೂ ಬಟನ್. ಆಮೇಲೆ ಸುತ್ತು ಹಾಕಿ ಬಂದು, ಮತ್ತೆ ಬಟನ್.

"ರಜೆ ರದ್ದು ಮಾಡೋದೂ ಈ ಐದರಲ್ಲೇ ಇದೆ ಅಲ್ವೇನೋ?" ಎಂದು ಕೇಳಿದಳು ಸಿರ್ಪಾ.

"ಇದೆ." ಅವನ ಬೆರಳು ಎಂಟರ್ ಕೀಲಿಯ ಮೇಲೆ ನಿಂತುಬಿಟ್ಟಿತ್ತು.

"ಒತ್ತೋ. ನಿನ್ನ ಕಣ್ಣೆದುರೇ ಪಾಸಾದ ಬ್ರೌಸರು."

"ಒತ್ತಲ್ಲಪ್ಪ! ರದ್ದಾದ್ರೆ ಮತ್ತೆ ಮಂಜೂರು ಮಾಡೋರೂ ಇಲ್ಲ, ಎಲ್ಲಾ ಊರು ಬಿಟ್ಟಾಗಿದೆ. ಪರದೆ ಹಾಕು ಮಾರಾಯ್ತಿ."

"ಆಹ್ತಿಗೆ ಯಾರು ಹಾಕ್ತಾರೆ?"

ಕೆಳಗೆ ಅಂಗಳದಲ್ಲಿ ಒಂದೊಂದೇ ಕಾರು ಹೊರಡುವ ಸದ್ದು ಕೇಳುತ್ತಿತ್ತು.

"ಹೋಗಲಿ, ಈಗ ಯಾವ ಬಟನ್ ಮೇಲಿದ್ದೀಯ ಅದನ್ನಾದ್ರೂ ಹೇಳು," ಎಂದಳು ಸಿರ್ಪಾ.

"ನಂಗೇನೇ ಗೊತ್ತು!"

ಸಿರ್ಪಾ ಮೇಜಿನ ಮೇಲೆ ತಡಕಿ, ಪರೀಕ್ಷೆಯ ಕಾಗದವನ್ನೂ ಪೆನ್ನನ್ನೂ ಅವನ ಮುಂದಕ್ಕೆ ತಳ್ಳಿದಳು.

"ಅದನ್ನೇ ಬರಿ. ಸಹಿ ಹಾಕ್ತೀನಿ."